ಪ್ರಶ್ನೆ ಮೊದಲು ಕಿವಿಯಲ್ಲಿ ಹುಟ್ಟಲಿ: ಸಂಗೀತದಲ್ಲಿ ಪಿಎಚ್.ಡಿ. ಮಾಡಬೇಕು ಅನ್ನುವವರಿಗೆ

(ಕೋಲಾರದಲ್ಲಿ ಸಂಗೀತ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಸಂಗೀತದಲ್ಲಿ ಪಿಎಚ್.ಡಿ. ಮಾಡುತ್ತೇನೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ. ನಿಮ್ಮ ಪ್ರಶ್ನೆ ಏನು? ಹೆಚ್ಚಿನವರು ಪ್ರಶ್ನೆ ಹೇಳುವುದಿಲ್ಲ, ವಿಷಯ ಹೇಳುತ್ತಾರೆ. ಹರಿದಾಸರು ಸಂಗೀತಕ್ಕೆ ಕೊಟ್ಟ ಕೊಡುಗೆ ಅಂತಾರೆ, ಮೈಸೂರು ಆಸ್ಥಾನದ ವಿದ್ವಾಂಸರು ಅಂತಾರೆ. ವಿಷಯ ಒಳ್ಳೆಯದೇ. ಆದರೆ ಹರಿದಾಸರ ಕೊಡುಗೆ ದೊಡ್ಡದು ಅಂತ ಎಲ್ಲರಿಗೂ ಗೊತ್ತಿದೆ ಅಲ್ವಾ? ಗೊತ್ತಿರುವುದನ್ನೇ ಮುನ್ನೂರು ಪುಟ ಬರೆದರೆ ಓದಿದವರಿಗೂ ಏನೂ ಸಿಗುವುದಿಲ್ಲ, ಬರೆದ ನಿಮಗೂ ಸಿಗುವುದಿಲ್ಲ.

ಇಲ್ಲಿ ಕೂತಿರುವವರಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆಗಳನ್ನು ಮುಗಿಸಿದವರಿದ್ದೀರಿ, ಎಂ.ಎ. ಓದುತ್ತಿರುವವರಿದ್ದೀರಿ. ಹತ್ತು ವರ್ಷ ಶ್ರುತಿ ಹಿಡಿದು ಕೂತು ಕಿವಿ ತಯಾರು ಮಾಡಿಕೊಂಡಿದ್ದೀರಿ. ಬೇರೆ ವಿಭಾಗದ ಸಂಶೋಧಕರಿಗೆ ಈ ಕಿವಿ ಇಲ್ಲ. ಒಬ್ಬರು ಕಾಂಭೋಜಿ ರಾಗ ಹಾಡುವಾಗ ನಿಷಾದ ಸ್ವರವನ್ನು ಎಲ್ಲಿ ಮುಟ್ಟಿದರು, ಎಷ್ಟು ಮುಟ್ಟಿದರು ಅನ್ನೋದು ಇತಿಹಾಸದ ಪ್ರಾಧ್ಯಾಪಕರಿಗೆ ಕೇಳಿಸುವುದಿಲ್ಲ, ನಿಮಗೆ ಕೇಳಿಸುತ್ತದೆ. ಆದರೆ ನಾನು ನೋಡಿರುವ ಹಾಗೆ, ಪ್ರಬಂಧ ಬರೆಯಲು ಕೂತ ಕೂಡಲೇ ನಮ್ಮವರು ಆ ಕಿವಿಯನ್ನು ಪಕ್ಕಕ್ಕಿಟ್ಟುಬಿಡುತ್ತಾರೆ. ಮೊದಲ ಅಧ್ಯಾಯ ಸಾಮವೇದದಿಂದ ಶುರು. ಎರಡನೆಯದು ರಾಗ, ತಾಳಗಳ ಲಕ್ಷಣ. ಮೂರನೆಯದು ಜೀವನ ಚರಿತ್ರೆ. ನಿಜವಾದ ಕೆಲಸ ಎಲ್ಲೋ ಐದನೇ ಅಧ್ಯಾಯದಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಸಮಯ ಮುಗಿದಿರುತ್ತದೆ. ಶೋಧಗಂಗಾ ಜಾಲತಾಣಕ್ಕೆ ಹೋಗಿ, ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತವೆ. ಸಂಗೀತದ ಒಂದಷ್ಟು ಪ್ರಬಂಧಗಳ ಪರಿವಿಡಿ ಮಾತ್ರ ತೆಗೆದು ನೋಡಿ. ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನಿಮ್ಮ ವಿಷಯದಲ್ಲಿ ಈಗಾಗಲೇ ಯಾರು ಏನು ಮಾಡಿದ್ದಾರೆ ಅನ್ನುವುದೂ ಅಲ್ಲೇ ತಿಳಿಯುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಅದನ್ನು ನೋಡಬೇಕು.

ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಲ್ಲೇ ಇದೆ. ವಿದ್ವತ್ ಆಗಿದೆ ಅಂದ ಮಾತ್ರಕ್ಕೆ ಸಾಲದು, ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಇಲ್ಲವೇ ನಾಲ್ಕು ವರ್ಷದ ಪದವಿಯಲ್ಲಿ ಶೇ. 75. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 5 ರಿಯಾಯಿತಿ ಇದೆ. ಪ್ರವೇಶ ಪರೀಕ್ಷೆ ಇಲ್ಲವೇ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕ, ಆಮೇಲೆ ಸಂದರ್ಶನ. ಒಳಗೆ ಹೋದ ಮೇಲೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ, ಕೇಳಿಕೊಂಡರೆ ಇನ್ನೂ 2 ವರ್ಷ. ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷದ ಅವಕಾಶವಿದೆ, 240 ದಿನದವರೆಗೆ ಹೆರಿಗೆ ಅಥವಾ ಮಕ್ಕಳ ಆರೈಕೆಯ ರಜೆಯೂ ಇದೆ. ಇದನ್ನು ಜೋರಾಗಿ ಹೇಳುತ್ತಿದ್ದೇನೆ. ಮದುವೆ ಆಯ್ತು, ಮಗು ಆಯ್ತು, ಇನ್ನು ಆಗಲ್ಲ ಅಂತ ಬಿಟ್ಟುಬಿಡುವ ಹುಡುಗಿಯರು ನಮ್ಮಲ್ಲಿ ಜಾಸ್ತಿ, ಅವರಿಗೆ ಈ ನಿಯಮ ಇದೆ ಅನ್ನೋದೇ ಗೊತ್ತಿರುವುದಿಲ್ಲ.

ಎಲ್ಲಿ ಮಾಡುವುದು? ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗ ಇದೆ. ಹಿಂದೂಸ್ತಾನಿಯವರಿಗೆ ಧಾರವಾಡ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ಇದೆ, ಅಲ್ಲಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಕೋಲಾರದಲ್ಲಿ ಕೂತು ಇದೆಲ್ಲ ದೂರ ಅನಿಸುತ್ತದೆ. ಆದರೆ ವಿಶ್ವವಿದ್ಯಾಲಯ ದೂರ ಇದ್ದರೂ ನಿಮ್ಮ ಸಂಶೋಧನೆಯ ಸಾಮಗ್ರಿ ಇಲ್ಲೇ ಇರಬಹುದು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿದ್ದು ಅದನ್ನೇ.

ಮುಳಬಾಗಿಲಿನಿಂದ ಶುರು ಮಾಡೋಣ. 15ನೇ ಶತಮಾನದ ಶ್ರೀಪಾದರಾಜರು ಇದ್ದ ಊರು. ಊರ ಪಕ್ಕದ ನರಸಿಂಹತೀರ್ಥದಲ್ಲಿ ಅವರ ಬೃಂದಾವನವಿದೆ. ವ್ಯಾಸರಾಯರು ಓದಿದ್ದು ಅವರ ಹತ್ತಿರ, ವ್ಯಾಸರಾಯರ ಶಿಷ್ಯರು ಪುರಂದರದಾಸರು. ಅಂದರೆ ಪುರಂದರದಾಸರು ಹಾಕಿಕೊಟ್ಟರು ಅನ್ನುವ, ನಾವು ಸರಳೆ, ಜಂಟಿ ಅಂತ ಶುರು ಮಾಡುವ ಪಾಠದ ಹಿಂದಿನ ಗುರುಪರಂಪರೆ ಈ ಜಿಲ್ಲೆಯನ್ನು ಹಾದು ಹೋಗಿದೆ. ರಂಗವಿಠಲ ಅಂಕಿತದ ಶ್ರೀಪಾದರಾಜರ ಪದಗಳನ್ನು ಇವತ್ತೂ ಹಾಡುತ್ತೇವೆ. ಆದರೆ ಹರಿದಾಸರ ಪದಗಳ ಹಳೆಯ ಪ್ರತಿಗಳಲ್ಲಿ ರಾಗದ ಹೆಸರು, ತಾಳದ ಹೆಸರು ಬರೆದಿರುತ್ತಾರೆ, ಸ್ವರ ಹಾಕಿರುವುದಿಲ್ಲ. ಹಾಗಾದರೆ ನಾವು ಇವತ್ತು ಹಾಡುವ ಧಾಟಿ ಎಲ್ಲಿಂದ ಬಂತು?

ಈಗ ನೋಡಿ, ಪ್ರಶ್ನೆ ಹೇಗೆ ಹುಟ್ಟುತ್ತದೆ ಅಂತ. ಒಂದೇ ಒಂದು ಪದ ತಗೊಳ್ಳಿ. ಮುಳಬಾಗಿಲಿನ ಭಜನಾ ಮಂಡಳಿಯವರು ಅದನ್ನು ಹಾಡುವುದನ್ನು ಕೇಳಿ. ಮನೆಯಲ್ಲಿ ಅಜ್ಜಿ ಆರತಿ ಹೊತ್ತಿಗೆ ಹಾಡುವುದನ್ನು ಕೇಳಿ. ಕಚೇರಿಯಲ್ಲಿ ಪಲ್ಲವಿ ಮುಗಿದ ಮೇಲೆ ದೇವರನಾಮ ಅಂತ ಅದೇ ಪದವನ್ನು ರಾಗಮಾಲಿಕೆಯಲ್ಲಿ ಹಾಡುವುದನ್ನು ಕೇಳಿ. ರಾಗ ಬೇರೆ ಬೇರೆ, ಸರಿ. ಬೇರೆ ಆಗದೇ ಇರುವುದು ಯಾವುದು? ತಾಳದ ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಹಾಗೇ ಇದೆಯಾ? ಪ್ರಾಸದ ಅಕ್ಷರ ಯಾವಾಗಲೂ ಪೆಟ್ಟಿನ ಮೇಲೇ ಬೀಳುತ್ತದಾ? ಉಸಿರು ತೆಗೆದುಕೊಳ್ಳುವ ಜಾಗ ಮೂವರಲ್ಲೂ ಒಂದೇನಾ? ಹೀಗೆ ಕೇಳಿದರೆ ರಾಗ ಕಳೆದುಹೋದರೂ ಪದದ ಒಳಗೇ ಉಳಿದುಕೊಂಡಿರುವ ಸಂಗೀತ ಯಾವುದು ಅನ್ನುವ ಕಡೆಗೆ ಹೋಗುತ್ತೀರಿ. ಅದು ಪ್ರಶ್ನೆ. ಇಪ್ಪತ್ತು ಪದ, ಐದಾರು ಕಡೆಯ ಹಾಡುಗಾರಿಕೆ ಸಾಕು, ಒಳ್ಳೆಯ ಪ್ರಬಂಧ ಆಗುತ್ತದೆ. ಸಾವಿರ ಪದಗಳ ಪಟ್ಟಿ ಬೇಕಾಗಿಲ್ಲ.

ಕೈವಾರದ ಕಡೆ ಇನ್ನೊಂದು ಥರ. ಅಲ್ಲಿನ ಸಂತಕವಿ ಕೈವಾರ ತಾತಯ್ಯನವರ ಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಅಮರನಾರೇಯಣ ಅಂತ ಅಂಕಿತ. ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆಯ ಭಜನೆ ಗುಂಪುಗಳಲ್ಲಿ ತೆಲುಗು ಮನೆಮಾತಿನವರೂ ಇರುತ್ತಾರೆ, ಕನ್ನಡದವರೂ ಇರುತ್ತಾರೆ, ಎಲ್ಲರೂ ಸೇರಿ ಅದೇ ಪದ ಹಾಡುತ್ತಾರೆ. ಪದದ ಕೊನೆಯ ಸ್ವರವನ್ನು ಯಾರು ಎಷ್ಟು ಎಳೆಯುತ್ತಾರೆ, ಒಂದೇ ಧಾಟಿಗೆ ಕನ್ನಡದ ಪದ ಕೂಡಿಸಿದಾಗ ಲಯ ಎಲ್ಲಿ ಬಿಗಿಯಾಗುತ್ತದೆ, ಇದನ್ನು ಬೆಂಗಳೂರಿನಲ್ಲಿ ಬೆಳೆದವರಿಗಿಂತ ನೀವು ಚೆನ್ನಾಗಿ ಕೇಳಿಸಿಕೊಳ್ಳುತ್ತೀರಿ. ಎರಡು ಭಾಷೆಯೂ ನಿಮ್ಮ ಬಾಯಲ್ಲಿದೆ. ಅದನ್ನು ಬಂಡವಾಳ ಮಾಡಿಕೊಳ್ಳಿ.

ತುಮಕೂರು ಜಿಲ್ಲೆಯಿಂದ ಬಂದವರು ಇದ್ದೀರಾ? ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುತ್ತಾರೆ, ಅದರ ಜೊತೆಗೆ ಗಣೆ ಊದುತ್ತಾರೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ನಾವು ಕಚೇರಿಯಲ್ಲಿ ನೋಡುವ ಕೊಳಲಿಗಿಂತ ಬಹಳ ಉದ್ದ. ಊದುವವರೇ ಹಾಡುವವರು. ಊದುತ್ತಾ ಹಾಡಲು ಆಗುವುದಿಲ್ಲವಲ್ಲ, ಹಾಗಾಗಿ ಸ್ವಲ್ಪ ಹಾಡಿ ಗಣೆ ಊದುತ್ತಾರೆ, ಊದಿ ಮತ್ತೆ ಕಥೆ ಎತ್ತಿಕೊಳ್ಳುತ್ತಾರೆ. ಇಲ್ಲಿ ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಹಾಡುಗಾರರ ಷಡ್ಜವನ್ನು, ಅಂದರೆ ಆಧಾರ ಸ್ವರವನ್ನು, ಯಾರು ಕಾಯುತ್ತಿದ್ದಾರೆ? ಗಣೆ ಕಾಯುತ್ತಿದೆಯಾ? ರಾತ್ರಿ ಇಡೀ ಹಾಡುವಾಗ ಗಂಟಲಿನ ಶ್ರುತಿ ಮೆಲ್ಲಗೆ ಏರಿತು ಅಥವಾ ಇಳಿಯಿತು ಅಂದುಕೊಳ್ಳಿ, ಮುಂದಿನ ಸಲ ಗಣೆ ಊದಿದಾಗ ಅದು ಮತ್ತೆ ಜಾಗಕ್ಕೆ ಬರುತ್ತದಾ? ಇದನ್ನು ಅಳೆಯಬಹುದು. ಪ್ರಾಟ್ ಅಂತ ಒಂದು ತಂತ್ರಾಂಶ ಇದೆ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ಭಾಷಾಧ್ವನಿಯ ಅಧ್ಯಯನಕ್ಕೆ ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಸೋನಿಕ್ ವಿಶುವಲೈಸರ್ ಅಂತ ಇನ್ನೊಂದು, ಅದೂ ಹಾಗೆಯೇ. ಧ್ವನಿಮುದ್ರಣ ಕೊಟ್ಟರೆ ಪ್ರತಿ ಕ್ಷಣದ ಶ್ರುತಿಯನ್ನು ಗೆರೆ ಎಳೆದು ತೋರಿಸುತ್ತವೆ. ಒಂದು ಸ್ಥಾಯಿಯನ್ನು, ಅಂದರೆ ಸ ಇಂದ ಮೇಲಿನ ಸ ವರೆಗಿನ ದೂರವನ್ನು, 1200 ಸೆಂಟ್ ಅಂತ ಭಾಗ ಮಾಡಿ ಲೆಕ್ಕ ಹಾಕುತ್ತಾರೆ, ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್. ನಿಮ್ಮ ಕಿವಿಗೆ ಸ್ವಲ್ಪ ಇಳಿಯಿತು ಅನಿಸಿದ್ದು 30 ಸೆಂಟಾ, 60 ಸೆಂಟಾ ಅಂತ ಹೇಳಬಹುದು. ಮೊದಲು ಕಿವಿಗೆ ಅನಿಸಬೇಕು, ಆಮೇಲೆ ಯಂತ್ರ. ಯಂತ್ರ ಎಲ್ಲವನ್ನೂ ಅಳೆಯುತ್ತದೆ, ಯಾವುದನ್ನು ಅಳೆಯಬೇಕು ಅಂತ ಅದು ಹೇಳುವುದಿಲ್ಲ.

ಇಲ್ಲಿ ಒಂದು ಮಾತು. ಜನಪದ ಹಾಡು ಕೇಳಿದ ತಕ್ಷಣ ಇದು ಮಧ್ಯಮಾವತಿ, ಇದು ಹರಿಕಾಂಭೋಜಿ ಅಂತ ಚೀಟಿ ಅಂಟಿಸುವ ಅಭ್ಯಾಸ ನಮಗೆ ಇದೆ. ದಯವಿಟ್ಟು ಅದನ್ನು ಬಿಡಿ. ಐದು ಸ್ವರ ಸಿಕ್ಕಿತು ಅಂತ ಅದು ರಾಗ ಆಗಿಬಿಡುವುದಿಲ್ಲ. ಯಾವ ಸ್ವರದಲ್ಲಿ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ, ಸಾಲಿನ ಕೊನೆ ಎಲ್ಲಿಗೆ ಬಂದು ಕೂರುತ್ತದೆ, ಅದನ್ನು ಇದ್ದ ಹಾಗೆ ಬರೆಯಿರಿ. ಹಾಡುವವರು ಅದಕ್ಕೆ ತಮ್ಮದೇ ಹೆಸರು ಇಟ್ಟುಕೊಂಡಿದ್ದರೆ ಆ ಹೆಸರೇ ಇರಲಿ. ಅವರ ಸಂಗೀತಕ್ಕೆ ನಮ್ಮ ಮೇಳಕರ್ತ ರಾಗಪಟ್ಟಿಯ ಒಪ್ಪಿಗೆ ಬೇಕಾಗಿಲ್ಲ.

ತಮಟೆ ಬಗ್ಗೆ ಹೇಳದೇ ಈ ಸೀಮೆಯಲ್ಲಿ ಮಾತು ಮುಗಿಸಲು ಆಗುವುದಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ನಮ್ಮ ಎಷ್ಟು ಪಠ್ಯಗಳಲ್ಲಿ ತಮಟೆಯ ಒಂದು ವರಸೆಯನ್ನಾದರೂ ಬರೆದಿದ್ದಾರೆ? ಮೃದಂಗಕ್ಕೆ ತ, ದಿ, ತೊಂ, ನಂ ಅನ್ನುವ ಸೊಲ್ಲು ಇದೆ, ಪುಸ್ತಕ ಇದೆ, ಪರೀಕ್ಷೆ ಇದೆ. ತಮಟೆ ಬಾರಿಸುವವರು ತಮ್ಮ ಮಕ್ಕಳಿಗೆ ಹೇಗೆ ಹೇಳಿಕೊಡುತ್ತಾರೆ, ಬಾಯಲ್ಲಿ ಏನು ಹೇಳುತ್ತಾರೆ, ದೇವರ ಮೆರವಣಿಗೆಯ ಹೊಡೆತಕ್ಕೂ ಸಾವಿನ ಮುಂದಿನ ಹೊಡೆತಕ್ಕೂ ಎಲ್ಲಿ ವ್ಯತ್ಯಾಸ, ಕೂತು ಬರೆದುಕೊಂಡವರು ಕಡಿಮೆ. ಬಾರಿಸುವ ಮೊದಲು ಸೌದೆ, ಹುಲ್ಲು ಹೊತ್ತಿಸಿ ತಮಟೆ ಕಾಯಿಸುವುದನ್ನು ನೋಡಿಯೇ ಇರುತ್ತೀರಿ. ಚರ್ಮ ಬಿಗಿಯಾಗುತ್ತದೆ, ನಾದ ಏರುತ್ತದೆ. ಸ್ವಲ್ಪ ಹೊತ್ತು ಬಾರಿಸಿದ ಮೇಲೆ ಮತ್ತೆ ಸಡಿಲ. ಗಾಳಿಯಲ್ಲಿ ತೇವ ಇದ್ದರೆ ಬೇಗ ಸಡಿಲ. ಕಾಯಿಸಿ ಬೆರಳಲ್ಲಿ ತಟ್ಟಿ ನೋಡುತ್ತಾರೆ, ಇನ್ನೂ ಬೇಕು ಅಂತ ಮತ್ತೆ ಬೆಂಕಿಗೆ ಹಿಡಿಯುತ್ತಾರೆ, ಆಮೇಲೆ ಸಾಕು ಅಂತಾರೆ. ಆ ಸಾಕು ಅನ್ನುವುದು ಯಾವ ನಾದಕ್ಕೆ? ಹತ್ತು ಜನ ಒಟ್ಟಿಗೆ ಬಾರಿಸುವಾಗ ಹತ್ತೂ ತಮಟೆಗಳನ್ನು ಒಂದೇ ನಾದಕ್ಕೆ ತರುತ್ತಾರಾ, ಬೇಕಂತಲೇ ಬೇರೆ ಇಡುತ್ತಾರಾ? ಇದು ಪೂರಾ ಶ್ರುತಿಯ ಪ್ರಶ್ನೆ, ನಾವು ತಂಬೂರಿ ಮುಂದೆ ಕೂತು ಕೇಳುವಂಥದ್ದೇ.

ಆದರೆ ಇದರಲ್ಲಿ ಜಾತಿಯ ಪ್ರಶ್ನೆಯೂ ಇದೆ, ಅದನ್ನು ಮುಚ್ಚಿಟ್ಟು ಬರೆಯಬಾರದು. ತಮಟೆಯನ್ನು ಬಲವಂತಕ್ಕೆ ಬಾರಿಸಿದ ತಲೆಮಾರುಗಳಿವೆ, ಇನ್ನು ಬಾರಿಸುವುದಿಲ್ಲ ಅಂತ ಬಿಟ್ಟವರಿದ್ದಾರೆ, ಅದೇ ತಮಟೆಯನ್ನು ಹೆಮ್ಮೆಯಿಂದ ಎತ್ತಿಕೊಂಡವರೂ ಇದ್ದಾರೆ. ಇಲ್ಲೇ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಬಾರಿಸುವವರ ಮನೆಯ ಮಕ್ಕಳೇ ಇದರ ಮೇಲೆ ಪಿಎಚ್.ಡಿ. ಮಾಡಬೇಕು ಅಂತ ನನ್ನ ಆಸೆ. ಬೇರೆಯವರು ಮಾಡಬಾರದು ಅಂತಲ್ಲ, ಮಾಡಿ, ಆದರೆ ಆ ಮನೆಗಳಲ್ಲಿ ಕೂತು, ಕೇಳಿ, ಕಲಿತು ಮಾಡಿ.

ಹಾರ್ಮೋನಿಯಂ ಹೆಸರು ಬಂತಲ್ಲ, ಸ್ವಲ್ಪ ಆಚೆ ಹೋಗುತ್ತೇನೆ. ಗುಬ್ಬಿಯ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲಕ್ಕೆ ಅದು ನಾಡೆಲ್ಲ ತಿರುಗಿತು. ಆ ರಂಗದ ಮೇಲೆ ಹಾಡಿಗೆ ಹಾರ್ಮೋನಿಯಂ ಇಲ್ಲದೆ ಆಗುತ್ತಿರಲಿಲ್ಲ. ಅದೇ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತು, ಗಮಕ, ಅಂದರೆ ಸ್ವರವನ್ನು ತೂಗಿ ಎಳೆಯುವುದು, ಅದರಲ್ಲಿ ನುಡಿಯುವುದಿಲ್ಲ ಅನ್ನುವುದು ದೊಡ್ಡ ಆಕ್ಷೇಪ, ಸುಮಾರು ಮೂರು ದಶಕ ಆ ನಿಷೇಧ ಇತ್ತು. ಅಂದರೆ ಒಂದೇ ಕಾಲದಲ್ಲಿ ಊರಿನ ಟೆಂಟಿನಲ್ಲಿ ಒಂದು ಸಂಗೀತ, ರೇಡಿಯೋದಲ್ಲಿ ಇನ್ನೊಂದು. ಎರಡನ್ನೂ ಕೇಳಿಕೊಂಡು ಬೆಳೆದ ನಟರು ಕಂದಪದ್ಯ ಹಾಡುವಾಗ ಗಮಕ ಹೇಗೆ ಹಿಡಿಯುತ್ತಿದ್ದರು? ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ರಂಗಗೀತೆಗಳಿವೆ, ಕೇಳಿ ನೋಡಬಹುದು. ಆದರೆ ಎಚ್ಚರಿಕೆ ಬೇಕು. 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ನಿಮಿಷ, ಸ್ವಲ್ಪ ಆಚೀಚೆ. ಅಷ್ಟರಲ್ಲಿ ಮುಗಿಸಬೇಕು ಅಂತ ಹಾಡಿದ್ದನ್ನು ಕೇಳಿ ಆ ಕಾಲದಲ್ಲಿ ಹೀಗೆ ಚಿಕ್ಕದಾಗಿ, ಜೋರಾಗಿ ಹಾಡುತ್ತಿದ್ದರು ಅಂತ ಬರೆದುಬಿಡಬೇಡಿ. ಎಲ್ಲ ಪ್ಲೇಟುಗಳನ್ನೂ ಸರಿಯಾಗಿ 78ಕ್ಕೇ ಮುದ್ರಿಸಿರಲಿಲ್ಲ, ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಪ್ಲೇಟು ಕೇಳಿ ಅವರ ಶ್ರುತಿ ನಾಲ್ಕೂವರೆ ಮನೆ ಅಂತ ತೀರ್ಮಾನ ಕೊಟ್ಟರೆ ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ, ಕೇಳಲೇಬೇಕು.

ಹಳೆಯ ಗ್ರಂಥ ಓದುವವರಿಗೂ ಇದೇ ಮಾತು. 16ನೇ ಶತಮಾನದ ಪುಂಡರೀಕ ವಿಠಲ ನಮ್ಮ ಪಕ್ಕದವನೇ, ಶಿವಗಂಗೆ ಹತ್ತಿರದ ಸಾತನೂರಿನವನು. ಇಲ್ಲಿಂದ ಖಾನ್‌ದೇಶದ ಬುರ್ಹಾನ್ ಖಾನನ ಆಸ್ಥಾನಕ್ಕೆ ಹೋದ. ಅಲ್ಲಿ ಸದ್ರಾಗಚಂದ್ರೋದಯ ಬರೆದ, ಆಮೇಲೆ ರಾಗಮಾಲಾ, ರಾಗಮಂಜರಿ, ನರ್ತನನಿರ್ಣಯ. ದಕ್ಷಿಣದ ಕಿವಿ ಇಟ್ಟುಕೊಂಡು ಉತ್ತರದ ರಾಗಗಳನ್ನು ಕೇಳಿದವನು, ಕೇಳಿದ್ದನ್ನು ಹೊಂದಿಸಿ ಬರೆದವನು. ಅವನ ನರ್ತನನಿರ್ಣಯವನ್ನು ಸಂಪಾದಿಸಿ ಇಂಗ್ಲಿಷಿಗೆ ತಂದವರು ಮೈಸೂರಿನ ರಾ. ಸತ್ಯನಾರಾಯಣ ಅವರು. ಶಾಸ್ತ್ರಗ್ರಂಥ ಅಂದರೆ ನಿಘಂಟು ಅಂತ ಓದಬೇಡಿ. ಬರೆದವನಿಗೂ ಕಿವಿ ಇತ್ತು, ಅವನು ಏನು ಕೇಳಿಸಿಕೊಂಡು ಇದನ್ನು ಬರೆದ ಅಂತ ಹುಡುಕಿ ಓದಿ.

ಮಾರ್ಗದರ್ಶಕರ ವಿಷಯಕ್ಕೆ ಬರುತ್ತೇನೆ. ಪ್ರಾಧ್ಯಾಪಕರ ಹತ್ತಿರ ಒಂದು ಹೊತ್ತಿಗೆ 8 ಜನ, ಸಹ ಪ್ರಾಧ್ಯಾಪಕರ ಹತ್ತಿರ 6, ಸಹಾಯಕ ಪ್ರಾಧ್ಯಾಪಕರ ಹತ್ತಿರ 4 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಸಂಗೀತ ವಿಭಾಗಗಳು ಚಿಕ್ಕವು, ಹಾಗಾಗಿ ಜಾಗ ಕಡಿಮೆ. ಖಾಲಿ ಇದೆ ಅಂತ ಗೊತ್ತಾದ ಕಡೆ ಸುಮ್ನೆ ಸೇರಿಕೊಳ್ಳಬೇಡಿ. ಅವರು ಬರೆದದ್ದನ್ನು ಓದಿ, ಅವರ ವಿದ್ಯಾರ್ಥಿಗಳ ಜೊತೆ ಮಾತಾಡಿ. ಹಾಡು ಕಲಿಸಿದ ಗುರುಗಳು ಬೇರೆ, ಪ್ರಬಂಧ ತಿದ್ದುವ ಮಾರ್ಗದರ್ಶಕರು ಬೇರೆ. ಗುರುಗಳ ಪಾಠಾಂತರವನ್ನು, ಅಂದರೆ ಒಂದು ಕೃತಿಯನ್ನು ಅವರು ಹಾಡುವ ರೀತಿಯನ್ನು, ಪ್ರಶ್ನೆ ಮಾಡದೆ ಕಲಿಯುತ್ತೇವೆ, ಅದು ಸರಿಯೇ. ಪ್ರಬಂಧದಲ್ಲಿ ಅದೇ ಪಾಠಾಂತರವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕಾಗುತ್ತದೆ. ಇದನ್ನು ಅಗೌರವ ಅಂದುಕೊಂಡು ಒದ್ದಾಡುವ ಮಕ್ಕಳನ್ನು ನೋಡಿದ್ದೇನೆ. ಗುರುಗಳ ಹತ್ತಿರ ಮೊದಲೇ ಕೂತು ಹೇಳಿ, ನಾನು ಹೀಗೆ ಬರೆಯುತ್ತಿದ್ದೇನೆ ಅಂತ. ದೊಡ್ಡ ಮನಸ್ಸಿನ ಗುರುಗಳು ತಾವೇ ಇನ್ನೊಂದು ಪಾಠಾಂತರ ಹಾಡಿ ತೋರಿಸುತ್ತಾರೆ.

ಸಾಧಕ, ಅಂದರೆ ದಿನದ ಅಭ್ಯಾಸ, ಬಿಡಬೇಡಿ. ಬೆಳಗ್ಗೆ ಒಂದು ಗಂಟೆಯಾದರೂ ತಂಬೂರಿ ಮುಂದೆ ಕೂರಿ. ಪಿಎಚ್.ಡಿ. ಮುಗಿಯುವ ಹೊತ್ತಿಗೆ ಹಾಡುವುದೇ ನಿಂತುಹೋದವರು ಇದ್ದಾರೆ, ಅದು ನನಗೆ ತುಂಬಾ ನೋವಿನ ವಿಷಯ. ಆ ಕಿವಿಯಿಂದಲೇ ತಾನೇ ಕೆಲಸ ಶುರುವಾಗಿದ್ದು?

ದುಡ್ಡು. ನೆಟ್‌ನಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಬಂದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಸಂಗೀತಕ್ಕೂ ನೆಟ್ ಇದೆ, ಎರಡು ಪತ್ರಿಕೆ ಸೇರಿ 150 ಪ್ರಶ್ನೆ, ಮೂರು ಗಂಟೆ. ಹಿಂದೂಸ್ತಾನಿ, ಕರ್ನಾಟಕ, ತಾಳವಾದ್ಯ, ರವೀಂದ್ರ ಸಂಗೀತ ಎಲ್ಲಕ್ಕೂ ಒಂದೇ ವಿಷಯ ಸಂಖ್ಯೆ, 16. ಎಂ.ಎ. ಎರಡನೇ ವರ್ಷದಲ್ಲೇ ಬರೆಯಲು ಶುರು ಮಾಡಿ. ಮನೆ ನಡೆಸುತ್ತಾ ಪಾಠ ಹೇಳುತ್ತಾ ಸಂಶೋಧನೆ ಮಾಡುವುದು ಎಷ್ಟು ಕಷ್ಟ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇದೆ, ಈ ಹಣ ಬಂದರೆ ಎಷ್ಟೋ ಹಗುರ.

ಕೊನೆಗೆ ಧ್ವನಿಮುದ್ರಣ. ಮೊಬೈಲ್ ಸಾಕಾ ಅಂತ ಕೇಳುತ್ತೀರಿ. ಮಾತಿಗೆ ಸಾಕು. ಹಾಡಿಗೆ, ಅದರಲ್ಲೂ ತಮಟೆಗೆ, ಸಾಲದು. ಮೊಬೈಲ್ ತಾನಾಗಿಯೇ ಜೋರು ಸದ್ದನ್ನು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿಬಿಡುತ್ತದೆ, ಆಗ ಬಾರಿಸುವವರ ಏರಿಳಿತವೇ ಹೋಗುತ್ತದೆ. ಚಿಕ್ಕ ರೆಕಾರ್ಡರ್ ವಿಭಾಗದಿಂದ ಕೇಳಿ ತಗೊಳ್ಳಿ, ಎಂಪಿ3 ಬೇಡ, ವೇವ್ ಕಡತದಲ್ಲಿ ಮುದ್ರಿಸಿ. ಶುರುವಿನಲ್ಲಿ ನಿಮ್ಮ ಬಾಯಲ್ಲೇ ತಾರೀಖು, ಊರು, ಹಾಡುವವರ ಹೆಸರು ಹೇಳಿ. ಮುದ್ರಿಸಿಕೊಳ್ಳಬಹುದಾ ಅಂತ ಕೇಳಿದ್ದು, ಅವರು ಒಪ್ಪಿದ್ದು, ಅದೂ ಅದರಲ್ಲೇ ಇರಲಿ. ಸಹಿ ಹಾಕಿಸಿಕೊಳ್ಳುವ ಕಾಗದ ಇದ್ದರೆ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳಿ. ಅವರ ಒಂದು ದಿನದ ಕೂಲಿ ನಿಮಗೋಸ್ಕರ ಹೋಗಿರುತ್ತದೆ, ಅದನ್ನು ಕೊಡಲೇಬೇಕು. ಮುದ್ರಿಸಿದ್ದನ್ನು ಅವರಿಗೂ ಕೊಡಿ, ಮನೆಯ ಮಕ್ಕಳ ಮೊಬೈಲಿಗೆ ಹಾಕಿಕೊಟ್ಟರೆ ಕೇಳುತ್ತಾರೆ, ಸಿ.ಡಿ. ಕೊಟ್ಟು ಬಂದರೆ ಗೋಡೆ ಗೂಡಿನಲ್ಲಿ ಕೂರುತ್ತದೆ. ಪ್ರಬಂಧದಲ್ಲಿ ಅವರ ಹೆಸರು, ಅವರು ಕಲಿತದ್ದು ಯಾರಿಂದ ಅನ್ನೋದು ಇರಲಿ, ಮಾಹಿತಿದಾರರು ಅಂತ ಒಟ್ಟಾಗಿ ಒಂದು ಸಾಲು ಬರೆದು ಮುಗಿಸಬೇಡಿ.

ಪ್ರಬಂಧ ಒಪ್ಪಿಗೆಯಾದ ಮೇಲೆ ಶೋಧಗಂಗಾಕ್ಕೆ ಹೋಗುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಕೆಲವು ಹಾಡುಗಳನ್ನು ಹಬ್ಬದ ದಿನ ಬಿಟ್ಟು ಹಾಡುವುದಿಲ್ಲ, ಕೆಲವನ್ನು ಹೊರಗಿನವರಿಗೆ ಕೇಳಿಸುವುದಿಲ್ಲ. ನಿಮ್ಮ ಮೇಲಿನ ನಂಬಿಕೆಯಿಂದ ಹಾಡಿರುತ್ತಾರೆ. ಯಾವುದು ಅಚ್ಚಿಗೆ, ಯಾವುದು ಯೂಟ್ಯೂಬಿಗೆ, ಯಾವುದು ಎಲ್ಲಿಗೂ ಬೇಡ ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಬೇಡ ಅಂದದ್ದನ್ನು ಅನುಬಂಧಕ್ಕೆ ಸೇರಿಸುವುದಿಲ್ಲ ಅಂತ ಮಾರ್ಗದರ್ಶಕರಿಗೆ ಮೊದಲ ವರ್ಷದಲ್ಲೇ ಹೇಳಿಡಿ, ಕೊನೆಯ ಗಳಿಗೆಯಲ್ಲಿ ಪುಟ ಕಿತ್ತು ಹಾಕುವುದು ತುಂಬಾ ಕಷ್ಟವಾಗುತ್ತದೆ.